ಮಂಗಳವಾರದ ಮೆಸೇಜು

ಟೈಲರ್ ಮಾಸ್ಟರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಊಟ ಮಾಡಿ ದುಡ್ಡು ಕೊಡಲು ಹೋದವನ ಹತ್ತಿರ ಮೊಬೈಲ್ ನಂಬರ್ ಕೇಳುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆ ಹಸಿದು ಬಂದವನ ನಂಬರ್ ಇವರಿಗೇಕೆ? ಆದರೆ ಅಂಗಡಿ ಬೀದಿಯ ತುದಿಯಲ್ಲಿದ್ದ ಹೋಟೆಲಿನ ಒಡತಿ ಜಾಣೆ. ಹೊಸದಾಗಿ ಕ್ಯಾಶ್‌ಬ್ಯಾಕ್ ಶುರು ಮಾಡಿದ್ದೇವೆ, ಬಿಲ್ಲಿನಲ್ಲಿ ಹತ್ತರಲ್ಲೊಂದು ಪಾಲು ನಿಮ್ಮ ನಂಬರಿಗೇ ಜಮಾ ಆಗುತ್ತದೆ, ಕೂಡಿಟ್ಟುಕೊಂಡರೆ ಒಂದು ದಿನ ಅದರಲ್ಲೇ ಊಟ ಮಾಡಿ ಹೋಗಬಹುದು ಎಂದು ಬಿಡಿಸಿ ಹೇಳಿದಳು. ಪುಕ್ಕಟೆ ಊಟ ಎಂದ ಮೇಲೆ ಯಾರ ಕೋಪ ತಾನೇ ನಿಲ್ಲುತ್ತದೆ? ಮಾಸ್ಟರ್ ಒಂದೇ ಉಸಿರಿಗೆ ನಂಬರ್ ಹೇಳಿದರು.

ಅದು ಹಳೆಯ ಅಂಗಡಿಯ ನಂಬರು. ಅವರೂ ಅವರ ತಮ್ಮನೂ ಒಂದೇ ಮೇಜಿನ ಮೇಲೆ ಬಟ್ಟೆ ಕತ್ತರಿಸುತ್ತಿದ್ದ ಕಾಲದಿಂದ ರಸೀದಿಯ ಮೇಲೆ ಬರೆದು, ಗಿರಾಕಿಗಳಿಗೆ ಹೇಳಿ ಹೇಳಿ ಇಬ್ಬರಿಗೂ ಬಾಯಿಪಾಠವಾಗಿದ್ದ ನಂಬರು. ಪಾಲಾದಾಗ ಆ ಮೊಬೈಲು ಅಣ್ಣನ ಅಂಗಿಯ ಜೇಬಿನಲ್ಲೇ ಉಳಿಯಿತು. ತಮ್ಮನೋ ಎರಡು ಹೊಲಿಗೆ ಯಂತ್ರ ಹೊರಿಸಿಕೊಂಡು ಊರಿನ ಇನ್ನೊಂದು ಮಗ್ಗುಲಿಗೆ ಹೋಗಿ ಅಂಗಡಿ ಇಟ್ಟ. ಅದಾಗಿ ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಅಣ್ಣತಮ್ಮಂದಿರು ಒಂದೇ ಒಂದು ಮಾತು ಆಡಿರಲಿಲ್ಲ.

ಮಾಸ್ಟರ್ ಶನಿವಾರಕ್ಕೊಮ್ಮೆ ಹೋಟೆಲಿಗೆ ಹೋಗುತ್ತಿದ್ದರು. ಉಳಿದ ದಿನ ಮನೆಯ ಡಬ್ಬಿ. ಮೊಬೈಲಿಗೆ ಬರುವ ಮೆಸೇಜುಗಳನ್ನು ಅವರು ಓದುವವರೇ ಅಲ್ಲ, ಎಲ್ಲ ಸಾಲ ಬೇಕಾ, ಸೈಟ್ ಬೇಕಾ ಎನ್ನುವವೇ. ಆದರೆ ಇತ್ತೀಚೆಗೆ ಮಂಗಳವಾರ ಮಧ್ಯಾಹ್ನ, ಒಂದೂಕಾಲರ ಸುಮಾರಿಗೆ, ನಾಲ್ಕು ಅಂಕಿಯ ಕೋಡ್ ಇದ್ದ ಇಂಗ್ಲಿಷ್ ಮೆಸೇಜೊಂದು ಬರತೊಡಗಿತ್ತು. ಕೇಳದೆ ಬಂದ ಕೋಡ್ ಎಂದರೆ ಕಳ್ಳರ ಕೈವಾಡ, ಯಾರಿಗೂ ಹೇಳಬಾರದು, ತಕ್ಷಣ ಅಳಿಸಬೇಕು ಎಂದು ಮಗಳು ಹತ್ತು ಸಲ ಪಾಠ ಹೇಳಿದ್ದಳು. ಮಾಸ್ಟರ್ ಮೊದಲ ವಾರ ಅಳಿಸಿದರು. ಎರಡನೇ ವಾರ, ಮೂರನೇ ವಾರವೂ ಅಳಿಸಿದರು. ಬಡಪಾಯಿ ಕಳ್ಳ, ಅದೆಷ್ಟು ವಾರ ಒದ್ದಾಡುತ್ತಾನೋ ನೋಡೋಣ ಎಂದು ಕಾಜಾ ಹೊಲಿಯುತ್ತಿದ್ದ ಕೆಲಸದವಳ ಮುಂದೆ ಜಂಬ ಬೇರೆ ಕೊಚ್ಚಿಕೊಂಡರು.

ಆ ಶನಿವಾರ ಊಟ ಮುಗಿಸಿ, ಇಷ್ಟು ದಿನ ಕೂಡಿದ್ದನ್ನು ಇವತ್ತು ಬಳಸಿಕೊಳ್ಳುತ್ತೇನೆ ಎಂದು ಕೌಂಟರಿನ ಮುಂದೆ ನಿಂತರು. ಒಡತಿ ಏನೋ ಒತ್ತಿದಳು. ಜೇಬಿನಲ್ಲಿ ಮೊಬೈಲ್ ಟಿಣ್ ಎಂದಿತು. ತೆಗೆದು ನೋಡಿದರೆ ಅದೇ ನಮೂನೆಯ ಮೆಸೇಜು, ನಾಲ್ಕು ಅಂಕಿಯ ಕೋಡ್. ಮಾಸ್ಟರ್ ಮೊಬೈಲನ್ನು ಅವಳತ್ತ ತಿರುಗಿಸಿ, ನೋಡಿ, ಕಳ್ಳರು ಶನಿವಾರವೂ ಬಿಡಲಿಲ್ಲ ಎಂದರು.

ಒಡತಿಗೆ ನಗು ಬಂತು. ಇದು ನಮ್ಮದೇ ಕೋಡ್, ಕೆಳಗೆ ಹೋಟೆಲಿನ ಹೆಸರೂ ಇದೆ, ಕೂಡಿದ ಕ್ಯಾಶ್‌ಬ್ಯಾಕ್ ಬಳಸಬೇಕಾದರೆ ಇದನ್ನು ಹೇಳಬೇಕು, ಐದು ನಿಮಿಷ ಮಾತ್ರ ನಡೆಯುತ್ತದೆ ಎಂದಳು. ಮಂಗಳವಾರದ್ದು ಯಾವುದು ಹಾಗಾದರೆ ಎಂದು ಮಾಸ್ಟರ್ ಗದರಿದರು. ಒಡತಿಯ ನಗು ನಿಂತಿತು.

"ಅದು ನಿಮ್ಮ ತಮ್ಮ ಕೇಳೋದು ಮಾಸ್ಟ್ರೇ. ಅವರೂ ಇದೇ ನಂಬರ್ ಕೊಟ್ಟಿದಾರೆ. ಅಣ್ಣನ ಹತ್ರ ಇದೆ ಮೊಬೈಲು, ಕೋಡ್ ಬಂದ್ರೆ ಫೋನ್ ಮಾಡ್ತಾರೆ ಅಂತ ಇಲ್ಲೇ ನಿಂತಿರ್ತಾರೆ. ಐದು ನಿಮಿಷ ಕಾದು, ಪೂರ್ತಿ ಬಿಲ್ ಕೊಟ್ಟು ಹೋಗ್ತಾರೆ. ಮನೆ ವಿಷಯ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಮಾಸ್ಟರ್ ಅಂದು ಕೋಡ್ ಹೇಳಲಿಲ್ಲ. ದುಡ್ಡು ಕೊಟ್ಟು, ಚಿಲ್ಲರೆಯನ್ನೂ ಮರೆತು ಹೊರಗೆ ಬಂದರು.

ಮೊದಮೊದಲು ತಮ್ಮನೂ ಅಭ್ಯಾಸಬಲದಿಂದ ಆ ನಂಬರ್ ಹೇಳಿರಬಹುದು. ಆದರೆ ಕೋಡ್ ಯಾರ ಜೇಬಿಗೆ ಹೋಗಿ ಬೀಳುತ್ತದೆ ಎಂದು ಗೊತ್ತಿದ್ದೂ ಮೂರು ವಾರ ಕೇಳಿದನಲ್ಲ, ಅದು ಅಭ್ಯಾಸವಲ್ಲ. ಅವನಿಗೆ ಒಂದು ಊಟದ ದುಡ್ಡು ದೊಡ್ಡದೂ ಅಲ್ಲ. ಅವನು ಅಣ್ಣನನ್ನು ಕರೆಯುತ್ತಿದ್ದ. ಇವರು ಕುಳಿತಲ್ಲೇ ಮೀಸೆ ತಿರುವಿ ಅಳಿಸುತ್ತಿದ್ದರು.

ಜಗಳದ ಮೂಲ ಒಂದು ಕೋಟಿನ ಬಟ್ಟೆ. ಗಿರಾಕಿಯೊಬ್ಬ ಮದುವೆಗೆಂದು ತಂದುಕೊಟ್ಟಿದ್ದ ದುಬಾರಿ ಬಟ್ಟೆ ಅಂಗಡಿಯೊಳಗಿಂದಲೇ ಕಾಣೆಯಾಯಿತು. ಆ ಗಿರಾಕಿಯ ಎದುರಿಗೇ ಮಾಸ್ಟರ್ ತಮ್ಮನನ್ನು ಕಳ್ಳ ಎಂದುಬಿಟ್ಟರು. ಅವನು ಕತ್ತರಿ ಕೆಳಗಿಟ್ಟು, ಮರುದಿನವೇ ಪಾಲು ಕೇಳಿದ. ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಅದಾಗಿ ಆರು ತಿಂಗಳಿಗೆ ಸುಣ್ಣ ಬಳಿಸಲು ಮೇಜು ಸರಿಸಿದಾಗ ಆ ಬಟ್ಟೆ ಗೋಡೆಗೂ ಮೇಜಿಗೂ ನಡುವೆ ಧೂಳು ತಿನ್ನುತ್ತ ಬಿದ್ದಿತ್ತು. ಮಾಸ್ಟರ್ ಅದನ್ನು ಕೊಡವಿ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಹೆಂಡತಿಗೂ ಹೇಳಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಮೀನಮೇಷ ಎಣಿಸುತ್ತ ವರ್ಷಗಳು ಉರುಳಿದವು. ತಪ್ಪೊಪ್ಪಿಗೆಯ ಮಾತು ಹಳತಾದಷ್ಟೂ ಭಾರವಾಗುತ್ತದೆ, ಬಾಯಿಗೆ ಬರುವುದಿಲ್ಲ. ಇದು ಯಾರಿಗೂ ಹೊಸದಲ್ಲ, ಆದರೂ ಪ್ರತಿಯೊಬ್ಬರೂ ತಮ್ಮ ಕೈ ಸುಟ್ಟುಕೊಂಡೇ ಕಲಿಯುತ್ತಾರೆ.

ಮಂಗಳವಾರ ಹನ್ನೆರಡೂವರೆಗೇ ಮಾಸ್ಟರ್ ಅಂಗಡಿಗೆ ಬೀಗ ಹಾಕಿದರು. ಹೋಟೆಲಿಗೆ ಹೋಗಿ ತಮ್ಮನ ಎದುರು ಕುಳಿತು, ಬಟ್ಟೆ ಸಿಕ್ಕಿತು, ತಪ್ಪು ನನ್ನದು ಎಂದು ಹೇಳಿಬಿಡುವುದು, ಅಷ್ಟೇ. ದಾರಿಯುದ್ದಕ್ಕೂ ಅದನ್ನೇ ಗೊಣಗಿಕೊಂಡು ಬಂದರು. ಹೋಟೆಲು ಕಣ್ಣಿಗೆ ಬಿದ್ದದ್ದೇ ತಡ, ಧೈರ್ಯ ಜಾರಿತು. ಎದುರು ಬದಿಯ ಔಷಧಿ ಅಂಗಡಿಯ ನೆರಳಲ್ಲಿ ನಿಂತರು. ತಮ್ಮ ಬಂದ. ಕೂದಲು ನರೆತಿತ್ತು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅದನ್ನು ತೆಗೆದಿಟ್ಟು ಊಟಕ್ಕೆ ಹೋಗು ಎಂದು ಹಿಂದೆ ದಿನಾ ಬೈಯುತ್ತಿದ್ದವರು ಇವರೇ.

ಗಾಜಿನಾಚೆ ತಮ್ಮ ಊಟ ಮಾಡಿದ, ಕೈ ತೊಳೆದ, ಕೌಂಟರಿಗೆ ಬಂದ. ಮಾಸ್ಟರ ಜೇಬಿನಲ್ಲಿ ಮೊಬೈಲ್ ಟಿಣ್ ಎಂದಿತು.

ಐದು ನಿಮಿಷ. ಬಾಗಿಲ ಕಡೆ ತಮ್ಮ ನೋಡಲಿಲ್ಲ. ಕೌಂಟರಿನ ಅಂಚು ಹಿಡಿದು ನೆಲ ನೋಡುತ್ತ ನಿಂತಿದ್ದ. ಬರುವುದಿಲ್ಲ ಎಂದು ಗೊತ್ತಿದ್ದೂ ಕಾಯುವವರು ಹಾಗೆ ನಿಲ್ಲುತ್ತಾರೆ. ಅದನ್ನು ನೋಡಲಾಗದೆ ಮಾಸ್ಟರ್ ರಸ್ತೆ ದಾಟಿದರು. ಬೈಕಿನವನೊಬ್ಬ ಬೈದದ್ದೂ ಅವರಿಗೆ ಕೇಳಿಸಲಿಲ್ಲ.

ಒಳಗೆ ಬಂದವರನ್ನು ತಮ್ಮ ನೋಡಿದ. ಮೊದಲು ಕೇಳಿದವನೂ ಅವನೇ.

"ಮೂರು ವಾರ ಬಂದಿತ್ತಲ್ಲ ಅಣ್ಣ?"

"ಬಂದಿತ್ತು. ಯಾರೋ ಕಳ್ಳರು ಅಂದ್ಕೊಂಡು ಅಳಿಸ್ದೆ."

ಅಂದ ಮೇಲೆ ಮಾಸ್ಟರಿಗೆ ತಾವು ಆಡಿದ ಮಾತು ಯಾವುದೆಂದು ಹೊಳೆಯಿತು. ತಮ್ಮನ ಮುಖ ಬಿಗಿಯಿತು. ಅವನು ಜೇಬಿಗೆ ಕೈ ಹಾಕಿ ದುಡ್ಡು ತೆಗೆಯತೊಡಗಿದ. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಮಾಸ್ಟರಿಗೆ ಅನ್ನಿಸಿತು. ದಾರಿಯಲ್ಲಿ ಕಲಿತದ್ದೆಲ್ಲ ಮರೆತುಹೋಗಿತ್ತು.

"ಬಟ್ಟೆ ಸಿಕ್ತು ಕಣೋ. ಮೇಜಿನ ಹಿಂದೆ ಬಿದ್ದಿತ್ತು."

ತಮ್ಮನ ಕೈ ನಿಂತಿತು. "ಯಾವಾಗ?"

ಮಾಸ್ಟರ್ ಎಲ್ಲಕ್ಕೂ ತಯಾರಾಗಿ ಬಂದಿದ್ದರು, ಈ ಒಂದು ಪ್ರಶ್ನೆಗೆ ಬಿಟ್ಟು. ಮೊನ್ನೆ ಎಂದು ಹೇಳಬಹುದಿತ್ತು, ಯಾರು ಬಂದು ಕೇಳುತ್ತಿದ್ದರು?

"ಮೂರೂವರೆ ವರ್ಷ ಆಯ್ತು."

ಅವರ ಕಣ್ಣು ತುಂಬಿ ಬಂತು. ನಾಚಿಕೆಯೋ ದುಃಖವೋ, ಎರಡೂ ಇತ್ತು. ತಮ್ಮ ಬಹಳ ಹೊತ್ತು ಅವರನ್ನೇ ನೋಡಿದ. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ವಾಸಿ ಇತ್ತು. ಬಿಲ್ ಕೊಡಲು ಹಿಂದೆ ನಿಂತಿದ್ದವರು ಮುಂದೆ ಬರಲೋ ಬೇಡವೋ ಎಂದು ತಡವರಿಸಿದರು.

ಐದು ನಿಮಿಷ ಕಳೆಯಿತು, ಆ ಕೋಡ್ ಇನ್ನು ನಡೆಯುವುದಿಲ್ಲ ಎಂದು ಒಡತಿ ಮೆಲ್ಲಗೆ ಹೇಳಿದಳು.

ಅಣ್ಣನಿಂದ ಮುಖ ತಿರುಗಿಸಿ ತಮ್ಮ ಅವಳತ್ತ ನೋಡಿದ. ತೆಗೆದಿದ್ದ ದುಡ್ಡನ್ನು ಮತ್ತೆ ಜೇಬಿಗೆ ತುರುಕಿದ. ದನಿಯಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.

"ಇನ್ನೊಂದು ಸಲ ಕಳ್ಸಿ," ಎಂದ. "ನಮ್ಮಣ್ಣ ಬಂದಿದಾರೆ."