ಅಗಸಿಯ ಕಸ್ತೂರಿ

ನಾನು ಒಂದು ಲೋಹದ ಹೆಣ್ಣುಮೂರ್ತಿ. ನನ್ನನ್ನು ಸರ್ಕಾರ ಮಾಡಿಸಲಿಲ್ಲ. ಊರಿಗೆ ಬರುವವರನ್ನು ಎದುರುಗೊಳ್ಳಲು ಊರಬಾಗಿಲಲ್ಲಿ, ಅಗಸಿಯಲ್ಲಿ, ಒಬ್ಬಳು ನಿಂತಿರಬೇಕೆಂದು ಮುಳ್ಳೂರಪೇಟೆಯ ಜನ ಮನೆಮನೆಯಿಂದ ಒಡಕು ತಂಬಿಗೆ, ಸೀಳಿದ ಹರಿವಾಣ, ಹಿಡಿಕೆ ಹೋದ ಸೌಟು ತಂದು ಸುರಿದರು. ನಿಂಬೆವ್ವ ಎಂಬಾಕೆ ಒಂದು ತಾಮ್ರದ ಕೊಡ ತಂದಳು. ಅವಳ ಮಗಳು ಕಸ್ತೂರಿ ನೀರಿಗೆ ಹೋದವಳು ಮನೆಗೆ ಮರಳಿರಲಿಲ್ಲ. ಕೆರೆಯ ಮೆಟ್ಟಿಲ ಮೇಲೆ ಸಿಕ್ಕಿದ್ದು ಆ ಕೊಡ ಮಾತ್ರ.

ಮೇಣದ ಮಾದರಿಗೆ ಮಣ್ಣು ಮೆತ್ತಿ ಅಚ್ಚು ಮಾಡಿ, ಎಲ್ಲವನ್ನೂ ಕರಗಿಸಿ ಎರಕ ಹೊಯ್ದವನು ಮೌನೇಶ ಪತ್ತಾರ. ಅಚ್ಚಿನ ಮಣ್ಣು ಒಡೆದಾಗ ಅವನ ಕೈ ನಿಂತುಬಿಟ್ಟಿತು.

“ಮೇಣದಾಗ ನಾ ತಿದ್ದಿದ ಮುಖ ಇದಲ್ಲ,” ಎಂದ.

ನಿಂಬೆವ್ವ ಬಂದು ನನ್ನ ಗಲ್ಲ ಸವರಿದಳು. “ಬಂದಿಯೇನ, ಕಸ್ತೂರಿ?”

ಅಂದಿನಿಂದ ದಿನಾ ಮಧ್ಯಾಹ್ನ ಬಂದು, ಸೆರಗಿನಿಂದ ನನ್ನ ಮುಖ ಒರೆಸಿ, ಮನೆಯ ಸುದ್ದಿ ಹೇಳುತ್ತಿದ್ದಳು. ಸುಡುಬಿಸಿಲಿನಲ್ಲೂ ನನ್ನ ಮೈ ತಣ್ಣಗಿರುತ್ತಿತ್ತು, ಈಗಷ್ಟೇ ನೀರಿನಿಂದ ಎದ್ದವಳ ಹಾಗೆ. ಅದನ್ನು ಮುಟ್ಟಿ ನೋಡಿದವರು ಮತ್ತೆ ನನ್ನತ್ತ ತಲೆಯೆತ್ತಲಿಲ್ಲ. ಎದುರುಗೊಳ್ಳಲು ನಿಂತವಳನ್ನು ಕಂಡು ಜನ ಹೆಜ್ಜೆ ಬಿರುಸು ಮಾಡುತ್ತಿದ್ದರು.

ವರ್ಷಗಳ ಮೇಲೆ, ಬಸ್ಸಿನಿಂದ ಒಬ್ಬ ನರೆಗೂದಲಿನ ಹೆಂಗಸು ಇಳಿದಳು. ನನ್ನನ್ನು ಕಂಡದ್ದೇ ತನ್ನ ಗಲ್ಲ ಮುಟ್ಟಿ ನೋಡಿಕೊಂಡಳು. ಅವಳದೂ ನನ್ನದೇ ಮುಖ, ವಯಸ್ಸಾದದ್ದು. ಒಲ್ಲದ ಮದುವೆಗೆ ಹೆದರಿ, ಕೊಡ ಇಟ್ಟು ಊರು ಬಿಟ್ಟವಳು ಅವಳು.

ನನ್ನ ಮುಖ ಒರೆಸುತ್ತಿದ್ದ ನಿಂಬೆವ್ವನ ಕೈ ಹಿಡಿದಳು. “ಅವ್ವಾ, ನಾನು ಕಸ್ತೂರಿ.”

ನಿಂಬೆವ್ವ ನಕ್ಕಳು. “ಸುಮ್ನಿರವ್ವ. ನನ್ನ ಮಗಳು ಇಲ್ಲೇ ನಿಂತಾಳಲ್ಲ. ನೀ ಯಾರ ಪೈಕಿ?”

ಬಂದವಳು ವಾಪಸು ಹೋಗಲಿಲ್ಲ. ಯಾರೋ ಒಬ್ಬಾಕೆಯಾಗಿ ತಾಯಿಯ ಮನೆಯಲ್ಲೇ ಉಳಿದು ರೊಟ್ಟಿ ಬಡಿದಳು, ಕಾಲೊತ್ತಿದಳು. ಮಧ್ಯಾಹ್ನ ಮುದುಕಿಯ ಜೊತೆ ಕೊಡೆ ಹಿಡಿದು ಬರುತ್ತಿದ್ದಳು.

“ನನಗ ಬ್ಯಾಡ. ಆಕಿಗೆ ಹಿಡಿ, ಬಿಸಿಲು ಬಡೀತದ,” ಎನ್ನುತ್ತಿದ್ದಳು ನಿಂಬೆವ್ವ.

ಅವಳು ನನ್ನ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದಳು. ಇಬ್ಬರೂ ಒಂದೇ ನೆರಳಿನಲ್ಲಿ. ಅವಳ ಕಣ್ಣನ್ನು ದಿಟ್ಟಿಸಿ ನೋಡಲು ನನಗೇ ಭಯವಾಗುತ್ತಿತ್ತು.

ಆಮೇಲೆ ರಸ್ತೆ ಅಗಲವಾಯಿತು. ನನ್ನನ್ನು ಕಿತ್ತು ಪುರಸಭೆಯ ಗೋದಾಮಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ನಾನು ಯಾರು ಎಂದು ಅಲ್ಲಿ ನಿಂತು ಎಷ್ಟೋ ಸಲ ಯೋಚಿಸಿದೆ. ಊರವರ ಪಾತ್ರೆಗಳೋ, ಪತ್ತಾರನ ಕೆಲಸವೋ, ಒಬ್ಬಳ ಬದುಕನ್ನು ಕಸಿದುಕೊಂಡವಳೋ?

ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. ನನ್ನ ಬೆನ್ನ ಹಿಂದೆ, ಕೊಡೆ ಹಿಡಿಯುತ್ತಿದ್ದವಳ ದನಿ.

“ಕಸ್ತೂರಿ, ನಿಮ್ಮವ್ವ ಹೋದಳು.”

ಅವಳು ಅಳಲಿಲ್ಲ. ಅಳುವ ಹಕ್ಕು ನನ್ನದೆಂಬಂತೆ ಕಾಯುತ್ತ ನಿಂತಳು.