ಇನ್ನೂರ ಹದಿಮೂರನೆಯ ಚೌಕ

"ನನ್ನ ಮೌನಕ್ಕೆ ಕತ್ತರಿ ಹಾಕೋಕೆ ನೀವ್ಯಾರ್ರೀ?" ಎಂದು ಪ್ರೊಫೆಸರ್ ಕೇಳಿದಾಗ ಟೆಕ್ನಿಷಿಯನ್ ಒಂದೇ ಕಿವಿಯಿಂದ ಹೆಡ್‌ಫೋನ್ ಸರಿಸಿದ.

"ನಾನಲ್ಲ ಸರ್, ಸಾಫ್ಟ್‌ವೇರು. ನೀವು ಸುಮ್ಮನಾದ ತಕ್ಷಣ ಸ್ಟೂಡೆಂಟ್ಸ್ ಜಾಗ ಖಾಲಿ ಮಾಡ್ತಾರೆ. ಅದಕ್ಕೇ ನಿಮ್ಮ ಹಳೇ ರೆಕಾರ್ಡಿಂಗ್ ನೋಡಿ ಕಲಿತು ಅದೇ ಮಾತು ಮುಂದುವರಿಸುತ್ತೆ. ನಿಮ್ಮದೇ ಮುಖ, ನಿಮ್ಮದೇ ದನಿ."

ದೂರಶಿಕ್ಷಣದ ಸುಧಾರಣೆಯಂತೆ. ಇವತ್ತು ಅದರ ಪ್ರಯೋಗ; ಒಪ್ಪಿಗೆ ಪತ್ರ ಮೇಜಿನ ಮೇಲಿತ್ತು. ಸಂಜೆಯೊಳಗೆ ಸಹಿ ಬೀಳಬೇಕು. ಬಿದ್ದರೆ ಮುಂದಿನ ವರ್ಷ ತತ್ವಶಾಸ್ತ್ರದ ತರಗತಿಗೆ ತಾನೇ ಬೇಕಾಗುವುದಿಲ್ಲ ಎಂದು ಪ್ರೊಫೆಸರನಿಗೆ ಗೊತ್ತಿತ್ತು. ಟೆಕ್ನಿಷಿಯನ್ನನ ಆ ನುಣುಪು ಕೆನ್ನೆಗೊಂದು ಬಿಗಿಯಬೇಕೆನಿಸಿತು. ಆದರೆ ತಾನು ಜೀವನದಲ್ಲಿ ಬಿಗಿದದ್ದು ಟೈ ಮಾತ್ರ.

ಹೆಂಡತಿಗೆ ಫೋನ್ ಮಾಡಿದ.

"ಸಹಿ ಹಾಕಿಬಿಡಿ ಅತ್ಲಾಗೆ," ಎಂದಳು.

"ನಾನಿಲ್ದೇನೂ ನಡೆಯುತ್ತೆ ಅಂತ ಆಗುತ್ತೆ ಕಣೇ."

"ಮನೇಲಿ ನಡೀತಿಲ್ವೇನ್ರೀ?"

"ಅಂದ್ರೆ?"

"ಒಲೆ ಮೇಲೆ ಹಾಲಿದೆ, ಫೋನ್ ಇಡ್ತೀನಿ."

ಹನ್ನೊಂದಕ್ಕೆ ತರಗತಿ. ಪರದೆಯಲ್ಲಿ ಇನ್ನೂರ ಹನ್ನೆರಡು ಕಪ್ಪು ಚೌಕಗಳು, ಒಂದೊಂದರಲ್ಲೂ ಒಬ್ಬ ವಿದ್ಯಾರ್ಥಿಯ ಹೆಸರು. ಆರು ವರ್ಷದಲ್ಲಿ ಅವನು ಒಂದು ಮುಖವನ್ನೂ ಕಂಡಿರಲಿಲ್ಲ. ಇವತ್ತು ಅವರೇ ಸಾಕ್ಷಿ ಹೇಳಲಿ. ಯಂತ್ರ ಬಾಯಿ ತೆರೆದ ಕೂಡಲೇ, ಇದು ನಮ್ಮ ಮೇಷ್ಟ್ರಲ್ಲ ಎಂದು ಒಬ್ಬರಾದರೂ ಕೂಗಿಯೇ ಕೂಗುತ್ತಾರೆ.

"ಮನುಷ್ಯ ಒಂಟಿಯಾಗಿದ್ದಾಗ ಯಾರಿಗೆ ಸುಳ್ಳು ಹೇಳುತ್ತಾನೆ?" ಎಂದು ಕೇಳಿ ಬಾಯಿ ಮುಚ್ಚಿದ.

ಮೂರು ಸೆಕೆಂಡು. ಪರದೆಯ ಮೇಲಿನ ಅವನು ಕೆಮ್ಮಿ, ಕನ್ನಡಕ ಸರಿಪಡಿಸಿಕೊಂಡು ಉತ್ತರಿಸತೊಡಗಿದ. ಉತ್ತರ ಚೆನ್ನಾಗಿಯೇ ಇತ್ತು. ಪ್ರೊಫೆಸರನ ಹೊಟ್ಟೆ ಉರಿದದ್ದು ಅದಕ್ಕೇ. ಹತ್ತು ನಿಮಿಷವಾದರೂ ಯಾರೂ ಕೂಗಲಿಲ್ಲ. ಒಬ್ಬಳು, "ಇವತ್ತು ಅರ್ಥ ಆಗ್ತಿದೆ ಸರ್," ಎಂದು ಚಾಟ್‌ನಲ್ಲಿ ಬರೆದಳು.

"ಅದು ನಾನಲ್ಲ!" ಎಂದು ಮೈಕಿಗೆ ಕಿರುಚಿದ.

"ಅದು ಮಾತಾಡುವಾಗ ನಿಮ್ಮ ಮೈಕ್ ಬಂದ್ ಆಗಿರುತ್ತೆ ಸರ್," ಎಂದ ಟೆಕ್ನಿಷಿಯನ್. "ಮಧ್ಯೆ ಬಾಯಿ ಹಾಕಬೇಡಿ."

ಪ್ರೊಫೆಸರ್ ಮೊಬೈಲ್ ತೆಗೆದು ವಿದ್ಯಾರ್ಥಿಗಳ ಲಿಂಕಿನಿಂದಲೇ ತರಗತಿಯ ಒಳಹೊಕ್ಕ. ಇನ್ನೂರ ಹದಿಮೂರನೆಯ ಚೌಕ ತೆರೆದುಕೊಂಡಿತು. ಕೈ ಎತ್ತುವ ಗುಂಡಿ ಒತ್ತಿದ. ಚೌಕದ ಮೂಲೆಯಲ್ಲಿ ಪುಟ್ಟ ಹಳದಿ ಕೈಯೊಂದು ಎದ್ದಿತು.

"ಪ್ರಶ್ನೆಗಳೆಲ್ಲ ಕೊನೆಗೆ," ಎಂದ ಪರದೆಯವನು, ಟಿಪ್ಪಣಿಯಿಂದ ತಲೆಯೆತ್ತದೆ.

ಆರು ವರ್ಷವೂ ತಾನು ಹೀಗೆಯೇ ಹೇಳಿ, ಕೊನೆಗೆ ಸಮಯವಾಯಿತೆಂದು ಎದ್ದುಹೋಗುತ್ತಿದ್ದುದು ಅವನಿಗೆ ನೆನಪಾಯಿತು. ಆಗ ಎದ್ದ ಕೈಗಳೆಷ್ಟೋ, ಅವನು ನೋಡಿರಲಿಲ್ಲ.

"ಸಮಯವಾಯಿತು," ಎಂದು ಪರದೆಯವನು ಎದ್ದ.

ಇನ್ನೂರ ಹನ್ನೆರಡು ಚೌಕಗಳು ಪಟಪಟನೆ ಆರಿಹೋದವು. ಟೆಕ್ನಿಷಿಯನ್ ಪೆನ್ನು ಚಾಚಿದ. ಖಾಲಿ ಪರದೆಯ ಮೂಲೆಯಲ್ಲಿ ಹಳದಿ ಕೈ ಎದ್ದೇ ಇತ್ತು. ಅದನ್ನು ಇಳಿಸಲು ಎಲ್ಲಿ ಒತ್ತಬೇಕೆಂದು ಪ್ರೊಫೆಸರನಿಗೆ ತಿಳಿಯಲಿಲ್ಲ.