ಸಾಲಿನ ತುದಿಯ ಸೀಟುಗಳು

ಪರದೆಯ ಮೇಲೆ ಹಾಲ್ ಒಂದರ ನಕ್ಷೆ ತೆರೆದುಕೊಂಡಿತ್ತು. ಮುನ್ನೂರ ಇಪ್ಪತ್ತು ಪುಟ್ಟ ಚೌಕಗಳು. ಮಾರಾಟವಾದದ್ದು ನೀಲಿ, ಉಳಿದದ್ದು ಬೂದು. ನಾಳೆ ಬೆಳಗ್ಗೆ ಹತ್ತೂವರೆಯ ಮೊದಲ ಶೋಗೆ ನೂರ ಹದಿನೆಂಟು ನೀಲಿಯಾಗಿದ್ದವು. ಅವಳು ಕುರ್ಚಿಯನ್ನು ಒಂದು ಮೊಳ ಹಿಂದೆ ಸರಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಮತ್ತೆ ಹತ್ತಿರ ಬಂದು ನೋಡಿದಳು. ಎಲ್ಲಿಂದ ನೋಡಿದರೂ ಆ ನೀಲಿ ನೆಟ್ಟಗೆ ಕೂತಿರಲಿಲ್ಲ.

ಮೂರು ಹಾಲ್‌ಗಳ ಆ ಚಿತ್ರಮಂದಿರದಲ್ಲಿ ಅವಳ ಕೆಲಸ ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಒಂದು ಅಂಕೆ ಹೇಳುವುದು. ಮುಂಗಡವಾಗಿ ಹೋದ ಟಿಕೆಟ್ ನೋಡಿ, ನಾಳೆ ನಿಜವಾಗಿ ಎಷ್ಟು ಜನ ಬಂದು ಕೂರುತ್ತಾರೆ, ಚಿತ್ರ ನಿಲ್ಲುತ್ತದೋ ಮಲಗುತ್ತದೋ ಎಂದು ಹೇಳಬೇಕು. ಆಫೀಸಿನವರು ಅವಳನ್ನು ಕಣಿಯಮ್ಮ ಎಂದು ಕರೆಯುತ್ತಿದ್ದರು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಕ್ಕಸನ ಪ್ರಾಣ ಎಲ್ಲೋ ದೂರದ ಗಿಳಿಯೊಳಗೆ ಅಡಗಿರುವ ಹಾಗೆ, ಎರಡೂವರೆ ಗಂಟೆಯ ಚಿತ್ರವೊಂದರ ಪ್ರಾಣ ಆ ಒಂದು ಅಂಕೆಯಲ್ಲಿ ಅಡಗಿರುತ್ತಿತ್ತು. ಇಷ್ಟು ದಿನ ಯಾರದೋ ಗಿಳಿ. ಈ ಸಲದ್ದು ಮಾವನದು.

ಮಾವ ಅಂದರೆ ಅವಳ ಅಮ್ಮನ ತಮ್ಮ. ಮೂವತ್ತು ವರ್ಷ ಬೇರೆಯವರ ಚಿತ್ರಗಳಿಗೆ ಸಹಾಯಕ ನಿರ್ದೇಶಕನಾಗಿ ದುಡಿದು, ಐವತ್ತೆಂಟನೇ ವಯಸ್ಸಿಗೆ ಸ್ವಂತದ್ದೊಂದು ಮಾಡಿದ್ದ. ಮಾತು ಬಿಟ್ಟ ಇಬ್ಬರು ಮುದಿ ಅಕ್ಕತಂಗಿಯರ ಕಥೆ. ಹೊಡೆದಾಟ ಇಲ್ಲ, ಕುಣಿತ ಇಲ್ಲ. ಇಂಥದ್ದಕ್ಕೆ ನೂರ ಹದಿನೆಂಟು ಟಿಕೆಟ್ ಹೇಗೆ ಹೋಯಿತು?

ಎಣಿಸಿದಳು. ಅದರಲ್ಲಿ ಎಪ್ಪತ್ತೊಂದು ಒಂಟಿ ಟಿಕೆಟ್‌ಗಳು, ಎಲ್ಲವೂ ನಡೆದಾಡುವ ದಾರಿಗೆ ಅಂಟಿಕೊಂಡ, ಸಾಲಿನ ತುದಿಯ ಸೀಟುಗಳು. ಯಾರೋ ಕೂತು ನಕ್ಷೆಗೆ ನೀಲಿ ಅಂಚು ಹೊಲಿದ ಹಾಗಿತ್ತು.

ಕೆಲಸ ಕಲಿಸುವಾಗ ಮ್ಯಾನೇಜರ್ ಹೇಳಿಕೊಟ್ಟಿದ್ದರು. "ನೋಡಮ್ಮಾ, ಸಿನಿಮಾ ನೋಡೋಕೆ ಬರೋನು ಜೋಡಿ ಹುಡುಕ್ತಾನೆ, ನಡು ಹುಡುಕ್ತಾನೆ. ಬರದೇ ಇರೋನಿಗೆ ಯಾವ ಸೀಟಾದ್ರೇನು?" ಹೋದ ವರ್ಷ ಒಬ್ಬ ನಿರ್ಮಾಪಕ ನೆಂಟರಿಷ್ಟರ ಕೈಲೆಲ್ಲ ಒಂಟಿ ಟಿಕೆಟ್ ಕೊಳ್ಳಿಸಿ ನಕ್ಷೆ ತುಂಬಿಸಿದ್ದ. ಅವಳು ನಂಬಿ ದೊಡ್ಡ ಅಂಕೆ ಹೇಳಿದ್ದಳು. ಮರುದಿನ ದೊಡ್ಡ ಹಾಲ್‌ನಲ್ಲಿ ಒಂಬತ್ತು ಜನ.

ಫೋನ್ ಎತ್ತಿಕೊಂಡಳು.

"ಅಮ್ಮಾ, ಮಾವನ ಚಿತ್ರಕ್ಕೆ ಎಷ್ಟು ಟಿಕೆಟ್ ತಗೊಂಡೆ?"

"ಯಾಕೆ, ತಗೋಬಾರದಾ?"

"ಎಷ್ಟು ಅಂತ ಕೇಳಿದೆ."

"ನಾನು ನೋಡ್ಬೇಕು, ನಿಮ್ಮಪ್ಪ ನೋಡ್ಬೇಕು..."

"ಅಮ್ಮಾ."

"ಆರು. ಒಂದೊಂದೇ ತಗೊಂಡೆ. ಒಟ್ಟಿಗೆ ತಗೊಂಡ್ರೆ ನಿನ್ನ ಹದ್ದಿನ ಕಣ್ಣಿಗೆ ಬೀಳುತ್ತೆ ಅಂತ ಪಕ್ಕದ ಮನೆಯಾಕೆ ಹೇಳಿದ್ಲು."

"ಯಾವ ಸೀಟು?"

"ತುದೀಲಿ. ಇಬ್ಬರು ಬಿಟ್ರೆ ಉಳಿದವರು ಹೆಂಗೂ ಬರಲ್ಲ. ನಡು ಸೀಟು ನೋಡೋವರಿಗಾದ್ರೂ ಇರ್ಲಿ ಅಂತ."

"ಆಕೆ ಎಷ್ಟು ತಗೊಂಡ್ಲು?"

"ಅದೆಲ್ಲ ನನಗೇನು ಗೊತ್ತು? ನೋಡು, ನನ್ನ ತಮ್ಮ ಮೂವತ್ತು ವರ್ಷ ಇನ್ನೊಬ್ಬರಿಗೆ ಕೊಡೆ ಹಿಡಿದ. ಒಂದೇ ಒಂದು ಸಲ ಅವನದು ತುಂಬಿದ್ರೆ ಯಾರ ಗಂಟು ಹೋಗುತ್ತೆ?"

ಅವಳು ಫೋನ್ ಇಟ್ಟಳು. ಅಮ್ಮನೇ ಆರು ಅಂದಮೇಲೆ, ಅಮ್ಮನ ಬೀದಿ, ಮಾವನ ಬೀದಿ, ಮಾವನ ಹಳೇ ಸ್ನೇಹಿತರು... ಎಪ್ಪತ್ತೊಂದಕ್ಕೆ ಬಹಳ ಹೊತ್ತು ಬೇಕಾಗಿರಲಿಲ್ಲ. ನೂರ ಹದಿನೆಂಟರಲ್ಲಿ ಎಪ್ಪತ್ತೊಂದು ಕಳೆದಳು. ನಲವತ್ತೇಳು. ಅದನ್ನು ಅಳಿಸಿ ಎಂಬತ್ತು ಎಂದು ಬರೆದಳು. ಎಂಬತ್ತನ್ನು ನೋಡಿದರೆ ಅದು ಸೋದರ ಸೊಸೆಯ ಅಂಕೆಯ ಹಾಗೇ ಕಾಣುತ್ತಿತ್ತು. ತನ್ನವರು ಅಂತ ಕೈ ಸಡಿಲ ಬಿಟ್ಟಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದು. ಮತ್ತೆ ಅಳಿಸಿದಳು.

"ನಲವತ್ತೇಳಾ?" ಮ್ಯಾನೇಜರ್ ಕನ್ನಡಕ ಹಣೆಗೇರಿಸಿದರು. "ಗಟ್ಟಿಗಿತ್ತಿ ಕಣಮ್ಮ ನೀನು. ನಾನಾಗಿದ್ರೆ ನಮ್ಮ ಮಾವನಿಗೆ ಕಣ್ಣು ಮುಚ್ಕೊಂಡು ಇನ್ನೂರು ಹೇಳ್ತಿದ್ದೆ."

"ಒಂಟಿ ಸೀಟು ಕಳೆದಿದೀನಿ ಸರ್."

"ಆಯ್ತು. ದೊಡ್ಡ ಹಾಲ್ ಬೇಡ, ಹಾಲ್ ಮೂರಕ್ಕೆ ಹಾಕ್ತೀನಿ. ನೂರ ನಲವತ್ತು ಸೀಟಿದೆ, ಅಕಸ್ಮಾತ್ ಎಲ್ಲರೂ ಬಂದ್ರೂ ಹಿಡಿಸುತ್ತೆ. ಮೊದಲ ಶೋಗೆ ಅರವತ್ತು ಜನ ಬಾಗಿಲು ದಾಟದಿದ್ರೆ ಶನಿವಾರದಿಂದ ತೆಗೀಬೇಕು. ನಿನಗೆ ಗೊತ್ತಿರೋದೇ."

ಗೊತ್ತಿರುವುದೇ. ನಲವತ್ತೇಳು ಎಂದಾಗಲೇ ಅವಳು ಅದನ್ನೂ ಹೇಳಿಯಾಗಿತ್ತು.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೇ ಅವಳು ಆಫೀಸಿನಲ್ಲಿದ್ದಳು. ಹೊರಗೆ ಹೋಗಲು ಕಾಲು ಬರಲಿಲ್ಲ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ, ಬಂದವರಿಗೆಲ್ಲ ಕೈ ಮುಗಿಯುತ್ತಾನೆ, ಬರದವರಿಗಾಗಿ ರಸ್ತೆ ನೋಡುತ್ತಾನೆ. ಅದನ್ನು ನೋಡುವುದಕ್ಕಿಂತ ಪರದೆ ನೋಡುವುದು ವಾಸಿ. ಬಾಗಿಲು ಕಾಯುವವನ ಕೈಯ ಯಂತ್ರ ಒಂದೊಂದು ಟಿಕೆಟ್ ಮುಟ್ಟಿದಾಗಲೂ ಇಲ್ಲಿ ಒಂದು ಅಂಕೆ ಏರುತ್ತಿತ್ತು. ಹತ್ತೂ ಇಪ್ಪತ್ತಕ್ಕೆ ಇಪ್ಪತ್ತೆರಡು. ಹತ್ತೂವರೆಗೆ ಮೂವತ್ತಾರು. ಆಮೇಲೆ ನಲವತ್ತೊಂದಕ್ಕೆ ಬಂದು ನಿಂತುಬಿಟ್ಟಿತು. ತನ್ನ ಲೆಕ್ಕ ಸರಿಯಾಯಿತಲ್ಲ ಎಂದು ಒಂದು ಕ್ಷಣ ಸಮಾಧಾನವಾಗಿ, ಆ ಸಮಾಧಾನಕ್ಕೆ ನಾಚಿಕೆಯಾಗಿ, ಅವಳು ಎದ್ದಳು.

ಬಾಗಿಲು ತೆರೆದರೆ ಹೊರಗೆ ಗದ್ದಲ.

ಹಾಲ್ ಮೂರಕ್ಕೆ ಹೋಗುವ ಮೆಟ್ಟಿಲ ಬುಡದಲ್ಲಿ ಜನ ನಿಂತಿದ್ದರು. ನಲವತ್ತೆಂಟು ಮೆಟ್ಟಿಲು, ನಡುವೆ ಒಂದು ತಿರುವು, ಲಿಫ್ಟ್ ಇಲ್ಲ. ನಿಂತವರೆಲ್ಲ ಮುದುಕರು. ಊರುಗೋಲು, ಮೊಣಕಾಲ ಪಟ್ಟಿ, ಮಫ್ಲರು, ಕೈಚೀಲ. ಕೆಲವರು ಆಗಲೇ ಹತ್ತುತ್ತಿದ್ದರು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು. ಕೆಲವರು ಕಂಬಿ ಹಿಡಿದು ಅಲ್ಲೇ ಕೂತಿದ್ದರು. ಇಬ್ಬರು ಗೇಟಿನ ಕಡೆ ವಾಪಸ್ ಹೊರಟಿದ್ದರು.

"ನಾನು ಕೆಳಗಡೆ ಹಾಲ್‌ಗೆ ತಗೊಂಡಿದ್ದು," ಎಂದು ಬಿಳಿಮೀಸೆಯವರೊಬ್ಬರು ಅವಳ ಮುಂದೆ ಫೋನ್ ಹಿಡಿದರು. "ಮೊಮ್ಮಗಳ ಕೈಲಿ ಆರಿಸಿ ಆರಿಸಿ ತುದಿ ಸೀಟು ತಗೊಳ್ಸಿದ್ದೆ. ಈಗ ಮೇಲಂತೆ, ಮಧ್ಯದ ಸೀಟಂತೆ!"

"ತುದಿ ಸೀಟು ಯಾಕೆ ತಾತ?" ಎಂದು ಅವಳು ಕೇಳಿದಳು.

"ಯಾಕೆ ಅಂದ್ರೆ? ಅರ್ಧ ಗಂಟೆಗೊಂದು ಸಲ ಏಳ್ಬೇಕು ನಾನು. ನಡುವೆ ಕೂತು ಅಷ್ಟು ಜನರ ಮೊಣಕಾಲು ದಾಟಿ ಬೈಸ್ಕೊಳ್ಲಾ?"

ಪಕ್ಕದಲ್ಲಿದ್ದ ಹೆಂಗಸು ನಕ್ಕರು. "ನಿಮ್ಮದು ಅರ್ಧ ಗಂಟೆ, ಪುಣ್ಯವಂತರು."

"ಒಬ್ಬರೇ ಬಂದ್ರಾ ಅಜ್ಜೀ?"

"ಇನ್ಯಾರು ಬರ್ತಾರಮ್ಮಾ? ಮನೇಲಿ ಎಲ್ಲರಿಗೂ ಕೆಲಸ. ನಿರ್ದೇಶಕರು ಒಂದು ತಿಂಗಳಿಂದ ದಿನಾ ಬೆಳಗ್ಗೆ ಪಾರ್ಕಿಗೆ ಬಂದು, ನಿಮ್ಮದೇ ಕಥೆ, ಒಂಟಿಯಾದ್ರೂ ಸರಿ ಬನ್ನಿ ಅಂದ್ರು. ಬಂದ್ವಿ."

ತಿರುವಿನಲ್ಲಿ ಮಾವ ಕಂಡ. ಇಸ್ತ್ರಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಒಬ್ಬರ ಮೊಣಕೈ ಹಿಡಿದು ಮೇಲೆ ಬಿಟ್ಟು, ಇನ್ನೊಬ್ಬರಿಗಾಗಿ ಇಳಿಯುತ್ತಿದ್ದ.

"ಬಂದ್ಯಾ ಪುಟ್ಟೀ? ಯಾವನೋ ಪುಣ್ಯಾತ್ಮ ಕೊನೇ ಗಳಿಗೇಲಿ ಹಾಲ್ ಬದಲಾಯಿಸಿಬಿಟ್ಟಿದಾನೆ ನೋಡು. ಮ್ಯಾನೇಜರ್ರು ಇನ್ನು ಕಾಯೋಕಾಗಲ್ಲ ಅಂತ ಶುರು ಮಾಡ್ಸಿಬಿಟ್ರು."

"ನಾನೇ, ಮಾವ."

"ಏನು ನೀನೇ?"

"ತುದಿ ಸೀಟೆಲ್ಲ ಸುಳ್ಳು ಅಂದ್ಕೊಂಡೆ. ಅಮ್ಮ ಕೊಳ್ಳಿಸಿದ್ದು ಅಂದ್ಕೊಂಡು ಕಳೆದುಬಿಟ್ಟೆ. ಅದಕ್ಕೇ ಮೇಲೆ ಹಾಕಿದ್ರು."

ಮಾವ ಅವಳ ಮುಖವನ್ನೇ ನೋಡಿದ. ಕೆಳಗೆ ಯಾರೋ ಕೆಮ್ಮಿದರು.

"ಮೊದಲು ಅವರಿಗೆ ನೀರು ತಾ," ಎಂದು ಅವಳನ್ನು ದಾಟಿ ಇಳಿದು ಹೋದ.

ಅವಳು ನೀರಿಗೆ ಹೋಗದೆ, ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಓಡಿದಳು. ಬಾಗಿಲು ಕಾಯುವವನು ಗೋಡೆಗೊರಗಿ ನಿಂತಿದ್ದ. ಯಂತ್ರದಲ್ಲಿ ನಲವತ್ತೆಂಟು ಇತ್ತು. ಅರವತ್ತಕ್ಕೆ ಇನ್ನೂ ಹನ್ನೆರಡು ಬೇಕಿತ್ತು.

"ಅದನ್ನು ಕೊಡಿ ಇಲ್ಲಿ."

"ಒಳಗೆ ಹೋಗೋರಿಗೆ ಮಾತ್ರ ಹೊಡೀಬೇಕು ಮೇಡಂ. ಮ್ಯಾನೇಜರ್ರು ಬೈತಾರೆ."

"ಬೈದ್ರೆ ನನಗೆ ಬೈಲಿ. ಟಿಕೆಟ್ ತಗೊಂಡು ಇಲ್ಲಿವರೆಗೆ ಬಂದವರು ಬಂದವರೇ ಅಲ್ವಾ?"

ಅವನು ಮೆಟ್ಟಿಲ ಕಡೆ ಒಮ್ಮೆ ಇಣುಕಿ ನೋಡಿ ಯಂತ್ರ ಕೊಟ್ಟ. "ಗೇಟಿನಿಂದಾಚೆ ಹೋದವರದು ಬೇಡ," ಎಂದ. "ಅಷ್ಟು ಮಾತ್ರ ನೋಡ್ಕೊಳ್ಳಿ."

ಅವಳು ಮೊದಲು ಗೇಟಿಗೇ ಓಡಿದಳು. ವಾಪಸ್ ಹೊರಟಿದ್ದವರಲ್ಲಿ ಒಬ್ಬರು ಸಿಕ್ಕರು, ಇನ್ನೊಬ್ಬರು ಆಗಲೇ ರಸ್ತೆ ದಾಟಿದ್ದರು. ಸಿಕ್ಕವರನ್ನು ಕೈ ಹಿಡಿದು ಕರೆತಂದು ಮೆಟ್ಟಿಲ ಬುಡದಲ್ಲಿ ಕೂರಿಸಿದಳು. ನೀರಿನ ಬಾಟಲಿಗಳನ್ನು ಹಂಚಿದಳು. ಆಮೇಲೆ ಒಬ್ಬೊಬ್ಬರ ಮುಂದೆಯೂ ಬಗ್ಗಿ ಟಿಕೆಟ್ ಕೇಳಿ, ಯಂತ್ರ ಮುಟ್ಟಿಸುತ್ತ ಮೇಲಕ್ಕೆ ಬಂದಳು. ಕೆಲವರು ಚೀಲವೆಲ್ಲ ತಡಕಿ ಮಡಚಿದ ಚೀಟಿ ತೆಗೆದರು. ಕೆಲವರು ಫೋನನ್ನೇ ಅವಳ ಕೈಗೆ ಕೊಟ್ಟು, "ನೀನೇ ಹುಡುಕಮ್ಮಾ" ಎಂದರು. ಬಿಳಿಮೀಸೆಯವರು, "ಇದಕ್ಕೇನು, ಹತ್ತದೇ ಇದ್ರೂ ನೋಡಿದಂಗೆ ಲೆಕ್ಕವಾ?" ಎಂದು ಕೇಳಿದರು. ಅವಳು ಅವರ ಟಿಕೆಟ್‌ಗೆ ಯಂತ್ರ ಮುಟ್ಟಿಸಿದಳು. ಮಾವ ಅವರ ಕಂಕುಳಿಗೆ ಕೈ ಕೊಟ್ಟು, "ಹತ್ತಿಸ್ತೀನಿ ಬನ್ನಿ ಸರ್, ಮೊದಲರ್ಧ ನಾನೇ ಬಾಯಲ್ಲಿ ಹೇಳ್ತೀನಿ" ಎಂದ.

ತಿರುವಿನ ಹತ್ತಿರ, ಗೋಡೆಗೆ ತಲೆಯಾನಿಸಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೂತಿದ್ದರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಪಾದಗಳು ಊದಿಕೊಂಡಿದ್ದವು. ಅವಳಿಗೆ ಗಾಬರಿಯಾಯಿತು.

"ಅಮ್ಮಾ? ಅಮ್ಮಾ, ಟಿಕೆಟ್..."

ಆಕೆ ಕಣ್ಣು ತೆರೆಯದೆ ಒಂದು ಕೈ ಎತ್ತಿ ತಡೆದರು.

"ಸ್ವಲ್ಪ ಸುಮ್ನಿರು ಮಗಾ. ತಂಗಿ ಏನೋ ಹೇಳ್ತಿದಾಳೆ."

ಮೇಲೆ ಹಾಲ್‌ನ ಬಾಗಿಲು ಒಂದು ಗೇಣು ತೆರೆದಿತ್ತು. ಅದರೊಳಗಿಂದ ಚಿತ್ರದ ಮಾತು ಮೆಟ್ಟಿಲವರೆಗೆ ಇಳಿದು ಬರುತ್ತಿತ್ತು. ಅವಳು ಯಂತ್ರವನ್ನು ಎದೆಗೊತ್ತಿಕೊಂಡು, ಸದ್ದಾಗದ ಹಾಗೆ ಒಂದು ಮೆಟ್ಟಿಲು ಕೆಳಗೆ ಕೂತಳು.